ಎರಡು ಹೆಸರು, ಒಟ್ಟಿಗೆ

ಪೆಟಾಲಿಂಗ್ ಜಯಾ, ಮಲೇಷ್ಯಾ
ಸೆಪ್ಟೆಂಬರ್ 2021

ವಂದನೀಯ ಫಾದರ್ ಮ್ಯಾಕ್ಸ್‌ವೆಲ್ ಅವರಿಗೆ,

ಚರ್ಚ್ ಇನ್ನೂ ಮುಚ್ಚಿರುವುದರಿಂದ ಈ ಪತ್ರವನ್ನು ಗೇಟಿನ ವಾಚ್‌ಮನ್ ಕೈಗೆ ಕೊಟ್ಟು ಹೋಗುತ್ತಿದ್ದೇನೆ.

ಜೂನ್‌ನಲ್ಲಿ ನನ್ನ ಮಗಳು ಏಂಜೆಲಿನ್ ಮೆಲ್ಬರ್ನ್‌ನಲ್ಲಿ ಬ್ರಿಜಿಟ್ ಎಂಬ ಹುಡುಗಿಯನ್ನು ಕಾನೂನುಪ್ರಕಾರ ಮದುವೆಯಾದಾಗ, ಭಾನುವಾರದ ಆನ್‌ಲೈನ್ ಪೂಜೆಯಲ್ಲಿ ಆಶೀರ್ವಾದಕ್ಕಾಗಿ ಅವರಿಬ್ಬರ ಹೆಸರು ಓದಿ ಎಂದು ಕೇಳಿದ್ದೆ. "ಅಲ್ಲಿನ ಸರ್ಕಾರ ಒಪ್ಪಿದ್ರೂ ಚರ್ಚ್ ಒಪ್ಪಲ್ಲಮ್ಮಾ, ನನ್ನ ಕೈಲಿಲ್ಲ" ಎಂದಿರಿ. ಸರಿ ಫಾದರ್ ಎಂದು ಫೋನ್ ಇಟ್ಟೆ. ಇನ್ನೊಂದು ಮಾತು ಆಡಬೇಕಿತ್ತು.

ಹೆಸರು ಓದುತ್ತಾರೆ ಎಂದು ನಾನು ಮೊದಲೇ ಹೇಳಿಬಿಟ್ಟಿದ್ದರಿಂದ, ಆ ಭಾನುವಾರ ಮಕ್ಕಳಿಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಯೂಟ್ಯೂಬ್ ಮುಂದೆ ಕೂತಿದ್ದರಂತೆ. "ಮಮ್ಮಿ, ನಮ್ ಹೆಸ್ರು ಮಿಸ್ ಆಯ್ತಾ?" ಎಂದು ಏಂಜೆಲಿನ್ ಕೇಳಿದಳು. "ನೆಟ್‌ವರ್ಕ್ ಸರಿ ಇಲ್ಲ ಲಾ" ಎಂದುಬಿಟ್ಟೆ.

ಈಗ ಇಬ್ಬರಿಗೂ ಕೋವಿಡ್. ಆಸ್ಪತ್ರೆ ಒಂದೇ, ವಾರ್ಡ್ ಬೇರೆ. ಗಡಿ ಮುಚ್ಚಿದೆ, ನಾನು ಹೋಗುವ ಹಾಗಿಲ್ಲ. ರೋಗಿಗಳ ಹೆಸರು ಓದಲು ಯಾರ ಅಪ್ಪಣೆಯೂ ಬೇಡವಲ್ಲ ಫಾದರ್? ಬರುವ ಭಾನುವಾರ 'ಏಂಜೆಲಿನ್ ಮತ್ತು ಬ್ರಿಜಿಟ್' ಎಂದು ಒಟ್ಟಿಗೇ ಓದಿ. ದಯವಿಟ್ಟು ನಡುವೆ ಬೇರೆಯವರ ಹೆಸರು ಬೇಡ.

ಈ ಸಲ ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ನಾನೇ ಒಳ್ಳೆಯ ಸೀರೆ ಉಟ್ಟು ಕೂತಿರುತ್ತೇನೆ.

ಆಶೀರ್ವಾದ ಬೇಡುವ,
ಲಿನೆಟ್