ಲೊಕ್ಕನಹಳ್ಳಿ ದಾರಿಯ ರೈಲುಕಲ್ಲುಗಳು

ಮುಳ್ಳೂರು
14 ಜುಲೈ 2025

ಗೆಳೆಯ ಮುತ್ತಯ್ಯನಿಗೆ ಪುಟ್ಟಬಸಪ್ಪನ ನಮಸ್ಕಾರಗಳು.

ನಿನ್ನ ಮೂರು ಕಾಗದವೂ ಬಂದು ತಲುಪಿವೆ. ಉತ್ತರ ಬರೆಯದೆ ಕೂತದ್ದು ನನ್ನ ತಪ್ಪು, ಅಂಚೆಯವನದ್ದಲ್ಲ. ನಿನಗೆ ಕಿವಿ ಕೇಳಿಸುತ್ತಿದ್ದರೆ ಫೋನಿನಲ್ಲೇ ಎರಡು ಮಾತಾಡಿ ಮುಗಿಸುತ್ತಿದ್ದೆ. ಇಪ್ಪತ್ತಾರು ವರ್ಷ ಇಂಜಿನ್ ಪಕ್ಕದಲ್ಲಿ ಕೂತು ಬಸ್ಸು ಓಡಿಸಿ ನೀನು ಕಿವಿ ಕಳೆದುಕೊಂಡೆ. ಹಿಂದಿನ ಬಾಗಿಲಲ್ಲಿ ನಿಂತು ಸೀಟಿ ಊದಿದ ನನಗೆ ಎರಡು ಕಿವಿಯೂ ಚೆನ್ನಾಗಿವೆ. ಕೇಳಿಸಬಾರದ್ದೂ ಕೇಳಿಸುತ್ತದೆ.

ಇಲ್ಲಿ ಊಟ, ತಿಂಡಿ ನಡೆದುಕೊಂಡು ಹೋಗುತ್ತಿದೆ. ಅಷ್ಟನ್ನೇ ಕ್ಷೇಮ ಅಂತ ತಿಳಿದುಕೋ. ದೊಡ್ಡಬಸಮ್ಮನಿಗೆ ಮಂಡಿನೋವು ಹೆಚ್ಚಾಗಿದೆ, ಕೆಳಗೆ ಕೂತರೆ ಏಳಲು ನಾನೇ ಕೈ ಕೊಡಬೇಕು. ಅರಸೀಕೆರೆಯಲ್ಲಿ ಮಗಳ ಮನೆ ಹಿಂದೆಯೇ ರೈಲು ಹೋಗುತ್ತದೆ, ಸದ್ದು ತಿಳಿಯುವುದಿಲ್ಲ, ಗೋಡೆ ಮುಟ್ಟಿದರೆ ಗೊತ್ತಾಗುತ್ತದೆ ಎಂದು ಬರೆದಿದ್ದೀಯ. ಓದಿ ಕಾಗದ ಮಡಿಚಿಟ್ಟವನು ಎರಡು ದಿನ ತೆಗೆಯಲಿಲ್ಲ.

ರೈಲ್ವೆ ಹೋರಾಟ ಸಮಿತಿಯ ಕಾರ್ಯದರ್ಶಿ ಕೆಲಸ ಯಾಕೆ ಬಿಟ್ಟೆ, ಮಹದೇವಸ್ವಾಮಿ ಜೊತೆ ಜಗಳವಾಯಿತೇ ಎಂದು ಕೇಳಿದ್ದೀಯ. ಅವನು ಅಧ್ಯಕ್ಷ, ಅವನ ಪಾಡಿಗೆ ಅವನಿದ್ದಾನೆ. ಜಗಳ ಏನೂ ಇಲ್ಲ. ಚಿನ್ನಸ್ವಾಮಿ ತೀರಿಕೊಂಡ. ಲೊಕ್ಕನಹಳ್ಳಿಯಲ್ಲಿ ನಮ್ಮ ಬಸ್ಸಿನ ಟಾಪಿಗೆ ಹುಣಸೆಹಣ್ಣಿನ ಮೂಟೆ ಹತ್ತಿಸುತ್ತಿದ್ದನಲ್ಲ, ಅವನೇ. ನಿನ್ನ ಕಡೆಯ ಪೇಪರಿನಲ್ಲಿ ಅದು ಬಂದಿರಲಾರದು. ಮೊದಲಿನಿಂದ ಹೇಳುತ್ತೇನೆ.

ಯಳಂದೂರು, ಕೊಳ್ಳೇಗಾಲ, ಹನೂರು ದಾಟಿ ಲೊಕ್ಕನಹಳ್ಳಿ ಮೇಲೆ ತಮಿಳುನಾಡಿಗೆ ಸೇರಬೇಕಿದ್ದ ಆ ದಾರಿಗೆ ಮೂವತ್ತು ವರ್ಷದ ಹಿಂದೆ ಸರ್ವೆ ಮಾಡಿ, ಕಲ್ಲು ನೆಟ್ಟು, ಆಮೇಲೆ ಕೈಬಿಟ್ಟರು. ನಿನಗೆ ನೆನಪಿದೆ, ಆಗ ನಾವಿಬ್ಬರೂ ಡ್ಯೂಟಿಗೆ ಹೊಸಬರು. ಹೋದ ನವೆಂಬರಿನಲ್ಲಿ ಆ ಹಳೇ ದಾರಿಯನ್ನೇ ಮತ್ತೆ ನೋಡಬೇಕು ಅಂತ ಆರು ಜನರ ತಂಡ ಬಂತು. ಸೌಮ್ಯ ಅಂತ ಒಬ್ಬಳು ಇಂಜಿನಿಯರ್ ಅದಕ್ಕೆ ಮುಖ್ಯಸ್ಥೆ. ನಮ್ಮ ಮಕ್ಕಳ ವಯಸ್ಸು, ಆದರೆ ಮಾತು ಅಳೆದು ಆಡುವವಳು. ಕೊಳ್ಳೇಗಾಲದ ಪ್ರವಾಸಿ ಮಂದಿರದಲ್ಲಿ ನಮ್ಮ ಸಮಿತಿಯವರನ್ನು ಕೂರಿಸಿಕೊಂಡು ನಕ್ಷೆ ಬಿಚ್ಚಿದಳು.

"ಯಳಂದೂರು, ಕೊಳ್ಳೇಗಾಲದ ಕಲ್ಲು ಸಿಕ್ಕಿವೆ ಸರ್. ಹನೂರಿಂದಾಚೆ ಒಂದೂ ಸಿಕ್ಕಿಲ್ಲ. ಕಲ್ಲು ಸಿಕ್ಕರೆ ಹಳೇ ಮಾರ್ಗ ಅಂತ ತೋರಿಸಬಹುದು. ಇಲ್ಲದಿದ್ದರೆ ಕೊಳ್ಳೇಗಾಲಕ್ಕೇ ನಿಲ್ಲಿಸಿ ವರದಿ ಕೊಡಬೇಕಾಗುತ್ತೆ. ನಮಗಿರೋದು ಹನ್ನೆರಡು ದಿನ."

ಉಳಿದವರು ಕೊಳ್ಳೇಗಾಲಕ್ಕೆ ಬಂದರೂ ಸಾಕು ಅಂದರು. ನಾನು ಒಪ್ಪಲಿಲ್ಲ. ಆ ರೂಟಿನಲ್ಲಿ ಹೆರಿಗೆ ನೋವು ಬಂದ ಹೆಂಗಸರನ್ನು ಕೊನೇ ಸೀಟಿನಲ್ಲಿ ಮಲಗಿಸಿಕೊಂಡು ಎಷ್ಟು ಸಲ ಬಂದಿದ್ದೇವೆ ನೀನೇ ಹೇಳು. ಒಂದು ಸಲ ಮಧುವನಹಳ್ಳಿ ಹತ್ತಿರ ನೀನು ಬಸ್ಸು ನಿಲ್ಲಿಸಿ ಕೆಳಗಿಳಿದು ಅತ್ತೆಯಲ್ಲ, ಆ ಮಗು ಬದುಕಲಿಲ್ಲ. ಈಗಲೂ ಮೈಸೂರಿನ ಆಸ್ಪತ್ರೆಗೆ ಹೋಗುವವರು ಬೆಳಗಿನ ಬಸ್ಸಿಗೆ ಕಾದು, ಎರಡು ಕಡೆ ಇಳಿದು ಹತ್ತಿ, ಡಾಕ್ಟರು ಎದ್ದುಹೋದ ಮೇಲೆ ತಲುಪುತ್ತಾರೆ. ರೈಲು ಬರುವುದಾದರೆ ಹನೂರಿನಾಚೆಗೇ ಮೊದಲು ಬರಬೇಕು ಅಂತ ನನ್ನ ಹಟ.

ಹಳೇ ಸರ್ವೆಯಲ್ಲಿ ಕಲ್ಲು ಹೊತ್ತವನು ಚಿನ್ನಸ್ವಾಮಿ. ಆಗ ಅವನಿಗೆ ಇಪ್ಪತ್ತೂ ಆಗಿರಲಿಲ್ಲ. ಮಾರನೇ ಬೆಳಿಗ್ಗೆಯೇ ಲೊಕ್ಕನಹಳ್ಳಿಗೆ ಹೋದೆ. ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದ. ಹೆಂಡತಿ ರಾಮಮ್ಮ ಕಾಫಿ ಕೊಟ್ಟಳು.

"ರಾಗಿ ತೆನೆ ಬಲ್ತದೆ ಅಣ್ಣ. ಈಗ ಅವು ಕಾಡು ಬುಟ್ಟು ಇಳಿಯೋ ಕಾಲ" ಅಂದ. ಆನೆಯ ಹೆಸರನ್ನು ಅವನು ಬಾಯಲ್ಲಿ ಹೇಳುತ್ತಿರಲಿಲ್ಲ. "ಕುಯ್ಲು ಮುಗುದ್ಮೇಲೆ ಬನ್ನಿ ಅಂತ ಏಳಿ ಅವುರ್ಗೆ."

"ಅವರು ಹನ್ನೆರಡು ದಿನಕ್ಕೆ ಹೊಂಟೋಯ್ತರೆ ಕಣ್ಲಾ. ಇನ್ನು ಮೂವತ್ತು ವರ್ಷ ಯಾರೂ ಬರೋದಿಲ್ಲ."

ಅವನು ಮತ್ತೆ ಕುಡುಗೋಲು ಮಸೆಯತೊಡಗಿದ. ರಾಮಮ್ಮ ಒಳಗಿಂದ ಕೇಳಿದಳು, "ರೈಲು ಬಂದ್ರೆ ನಮ್ಮ ರೂಪ ಆಸ್ಟ್ಲು ಬುಟ್ಟು ಮನೆಯಿಂದ್ಲೇ ಓಗಿ ಬಂದು ಮಾಡ್ಬೋದಾ ಅಣ್ಣ?" ರೂಪ ಅವರ ಒಬ್ಬಳೇ ಮಗಳು, ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಬೆಳಿಗ್ಗೆ ಹೋಗಿ ಸಂಜೆ ಬರಬಹುದು ಅಂದೆ. ಚಿನ್ನಸ್ವಾಮಿ ಹೆಂಡತಿಯ ಮುಖ ನೋಡಿದ. ಎದ್ದು ಅಂಗಿ ಹಾಕಿಕೊಂಡ.

ಅವನ ತಲೆಯೊಳಗೆ ಆ ದಾರಿ ಹಾಗೇ ಇತ್ತು, ಮುತ್ತಯ್ಯ. ಒಂದು ಬೇಲದ ಮರ, ಒಂದು ಹಳ್ಳದ ತಿರುವು, ಅಲ್ಲಿ ನಿಂತು ಹೆಜ್ಜೆ ಎಣಿಸಿ "ಇಲ್ಲಿ ಕೆರೀರಿ" ಅನ್ನುತ್ತಿದ್ದ. ಕೆರೆದರೆ ಕಲ್ಲು. ಅಜ್ಜೀಪುರದ ಕಡೆ ಒಂದು ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಇನ್ನೊಂದಕ್ಕೆ ಅರಿಶಿನ ಕುಂಕುಮ ಬಳಿದು ಪೂಜೆ ಮಾಡುತ್ತಿದ್ದರು. ಅದನ್ನು ಅಳೆಯುವಾಗ ಸೌಮ್ಯ ಚಪ್ಪಲಿ ಬಿಟ್ಟಳು. ಹನ್ನೊಂದು ದಿನದಲ್ಲಿ ಹತ್ತೊಂಬತ್ತು ಕಲ್ಲು ಸಿಕ್ಕವು. ಉಳಿದದ್ದು ಎರಡು, ಕಾಡಂಚಿನ ಹಳ್ಳದ ಆಚೆ. ಅವು ಸಿಕ್ಕರೆ ರೇಖೆ ಪೂರ್ತಿಯಾಗುತ್ತದೆ, ಇಲ್ಲದಿದ್ದರೆ ನಡುವೆ ತುಂಡಾಗುತ್ತದೆ ಎಂದಳು.

ಕೊನೇ ದಿನ ಬೆಳಿಗ್ಗೆ ಎಂಟು ಗಂಟೆಗೆ ಹೋದೆವು. ಸೌಮ್ಯ ಮತ್ತು ಅವಳ ಹುಡುಗರು ದಿಣ್ಣೆಯ ಮೇಲೆ ಯಂತ್ರ ಇಟ್ಟುಕೊಂಡು ನಿಂತರು. ಚಿನ್ನಸ್ವಾಮಿ ಮಚ್ಚು ಹಿಡಿದು ಮುಂದೆ, ನಾನು ಕೆಂಪು ಬಾವುಟ ಹಿಡಿದು ಹಿಂದೆ. ಹಳ್ಳ ದಾಟಿದ ಮೇಲೆ ಬರೀ ಲಂಟಾನದ ಪೊದೆ, ಆಳೆತ್ತರ. ಮೊದಲ ಕಲ್ಲು ಬೇಗ ಸಿಕ್ಕಿತು. ಅವನು ಅದರ ಮೇಲೆ ಕೈಯಿಟ್ಟು "ಇದ್ನ ನಾನೇ ನೆಟ್ಟಿದ್ದು ಅಣ್ಣ" ಅಂದ. ಎರಡನೆಯದಕ್ಕೆ ಐವತ್ತು ಹೆಜ್ಜೆ ಹೋಗಿರಬಹುದು. ಅವನು ನಿಂತ. ಮೂಗು ಎತ್ತಿ ಗಾಳಿ ಹಿಡಿದ. ಹಿಂದೆ ತಿರುಗದೆ, ಕೈಯಲ್ಲೇ ನನಗೆ ಹೋಗು ಎಂದು ಸನ್ನೆ ಮಾಡಿದ.

ನಾನು ಓಡಿದೆ. ಅರವತ್ತೆರಡು ವರ್ಷದವನು ಹಾಗೆ ಓಡಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ. ಹಿಂದೆ ಪೊದೆ ಮುರಿಯುವ ಸದ್ದು, ಒಂದು ಸಲ ಅವನ ದನಿ. ಏನಂದನೋ ತಿಳಿಯಲಿಲ್ಲ. ಹಳ್ಳದಲ್ಲಿ ಬಿದ್ದೆ, ಎದ್ದೆ, ದಿಣ್ಣೆ ಹತ್ತಿದೆ. ಅವರೆಲ್ಲ ನನ್ನ ಹಿಂದೆ ನೋಡುತ್ತಿದ್ದರು. ಯಾರೂ ಬರಲಿಲ್ಲ.

ಪಟಾಕಿ ಸಿಡಿಸಿ, ಕೂಗಿ, ಒಳಗೆ ಹೋಗಿ ಅವನನ್ನು ತರುವಾಗ ಹನ್ನೊಂದು ದಾಟಿತ್ತು. ನೀನು ಅವನನ್ನು ಮೂಟೆ ಹೊರುವಾಗ ನೋಡಿದ್ದೀಯ. ಹಾಗೇ ನೆನಪಿಟ್ಟುಕೋ. ಕಂಬಳಿಯಲ್ಲಿ ಕಟ್ಟಿ ತಂದದ್ದನ್ನು ನಾನು ಬರೆಯುವುದಿಲ್ಲ.

ರೂಪ ಮೈಸೂರಿನಿಂದ ಬರಲು ಮೂರು ಬಸ್ಸು ಬದಲಾಯಿಸಬೇಕಾಯಿತು. ಅವಳು ಬರುವವರೆಗೆ ಮಣ್ಣು ಮಾಡದೆ ಕಾದೆವು. ಸಂಜೆ ಇಳಿದಳು, ಬ್ಯಾಗು ಹೆಗಲಲ್ಲೇ ಇತ್ತು. ಆಮೇಲೆ ಕಾಲೇಜಿಗೆ ಹಿಂದಿರುಗಲೂ ಇಲ್ಲ. ಈಗ ತಾಯಿ ಜೊತೆ ಹೊಲಕ್ಕೆ ಹೋಗುತ್ತಾಳೆ, ದನ ನೋಡಿಕೊಳ್ಳುತ್ತಾಳೆ. ಓದು ಮುಗಿಸು ಅಂತ ನಾನೂ ಹೇಳಿ ನೋಡಿದೆ. "ಅವ್ವ ಒಬ್ಳೇ ಇರಾಕಾಗದಿಲ್ಲ ಮಾವ" ಅಂದಳು.

ಮೇ ತಿಂಗಳಲ್ಲಿ ಸೌಮ್ಯ ಫೋನು ಮಾಡಿದಳು. ವರದಿಯ ವಿಷಯ ಹೇಳಿದಳು. ಹನೂರಿನಾಚೆ ಕಾಡು ಬರುತ್ತದೆ, ಆ ಭಾಗ ಪೂರ್ತಿ ಬಿಟ್ಟಿದ್ದಾರೆ. ಯಳಂದೂರು, ಕೊಳ್ಳೇಗಾಲದವರೆಗೆ ಮಾತ್ರ ಮುಂದಿನ ಹಂತಕ್ಕೆ ಕಳಿಸಿದ್ದಾರೆ. "ಕಲ್ಲು ಸಿಕ್ಕಿದ್ದರೂ ಸಿಗದಿದ್ದರೂ ಅಷ್ಟೇ ಆಗ್ತಿತ್ತು ಸರ್. ನನಗೂ ಆಗ ಗೊತ್ತಿರಲಿಲ್ಲ" ಅಂದಳು. ಅವಳು ಅಳುತ್ತಿದ್ದಳು ಅಂತ ಕಾಣುತ್ತದೆ.

ಸಮಿತಿಯವರು ಕೊಳ್ಳೇಗಾಲದವರೆಗೆ ಬಂತಲ್ಲ ಅಂತ ಸಮಾರಂಭ ಇಟ್ಟರು. ಮಹದೇವಸ್ವಾಮಿ ಒಳ್ಳೇ ಮನಸ್ಸಿನಿಂದಲೇ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿಸಿದ್ದ. ಲೀಡರುಗಳ ಸಾಲಿನ ಕೆಳಗೆ ಚಿನ್ನಸ್ವಾಮಿಯ ಆಧಾರ್ ಕಾರ್ಡಿನ ಫೋಟೋ, "ರೈಲಿಗಾಗಿ ಪ್ರಾಣತೆತ್ತ ವೀರ" ಅಂತ. ರಾಮಮ್ಮನನ್ನು ಕರೆಸಿ ವೇದಿಕೆ ಮೇಲೆ ಶಾಲು ಹೊದಿಸಿದರು. ಅವಳು ಆ ಶಾಲನ್ನು ಮಡಿಸಿ ಎದೆಗೆ ಹಿಡಿದುಕೊಂಡು ಕೆಳಗಿಳಿದು ನನ್ನ ಹತ್ತಿರ ಬಂದಳು.

"ರೈಲು ನಮ್ಮೂರ್ಗೆ ಬರದಿಲ್ವಂತಲ್ಲ ಅಣ್ಣ. ಮತ್ತೆ ಇದ್ಯಾಕೆ?"

ಅವಳು ಕೋಪದಿಂದ ಕೇಳಲಿಲ್ಲ. ನಿಜವಾಗಿ ತಿಳಿಯದೆ ಕೇಳಿದಳು. ಅವಳನ್ನು ಬಸ್ಸು ಹತ್ತಿಸಿ, ಹಿಂದೆ ಬಂದು ಸಮಿತಿಯ ರಬ್ಬರ್ ಸ್ಟಾಂಪು, ಪತ್ರಗಳ ಫೈಲು ಎರಡನ್ನೂ ಮೇಜಿನ ಮೇಲಿಟ್ಟು ಮನೆಗೆ ಬಂದೆ. ನಾನು ಬಿಟ್ಟದ್ದು ಹೀಗೆ.

ನಿನ್ನ ಮೊಮ್ಮಗಳು ಪಾಸಾದಳು ಅಂತ ಬರೆದಿದ್ದೀಯ, ಅವಳಿಗೆ ಒಳ್ಳೆಯದಾಗಲಿ. ಮಗಳು ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು. ಬಿ.ಪಿ. ಮಾತ್ರೆ ತಪ್ಪಿಸಬೇಡ. ಮಾದಪ್ಪ ನಿಮ್ಮೆಲ್ಲರನ್ನೂ ಕಾಯಲಿ.

ಇಂತಿ ನಿನ್ನ
ಪುಟ್ಟಬಸಪ್ಪ

ತಾ.ಕ: ಕಾಗದ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದನ್ನು ಬಿಟ್ಟಿದ್ದೇನೆ. ದೊಡ್ಡಬಸಮ್ಮನಿಗೂ ಹೇಳಿಲ್ಲ.

ಆ ದಿನ ಬೆಳಿಗ್ಗೆ ಏಳಕ್ಕೆ ಮೊದಲು ಅಲ್ಲಿನ ಕಾಡು ಕಾಯುವ ವಾಚರ್ ಶಿವರಾಜು ನನಗೆ ಫೋನು ಮಾಡಿದ್ದ. "ಹಳ್ಳದ ಆಚೆ ಮರಿ ಆಕಿರೋ ಆನೆ ಅದೆ ಸಾ, ಇವತ್ತು ಬ್ಯಾಡಿ" ಅಂದ. ಆಯಿತು ಅಂದೆ. ಸಂಜೆಗೆ ತಂಡ ಹೊರಡುವುದಿತ್ತು. ಯಾರಿಗೂ ಹೇಳಲಿಲ್ಲ. ಹಳ್ಳ ಇಳಿಯುವ ಮೊದಲು ಚಿನ್ನಸ್ವಾಮಿ ಕೇಳಿದ, "ವಾಚರ್ರು ಏನಾರ ಏಳಿದ್ನಾ ಅಣ್ಣ?" ಏನೂ ಇಲ್ಲ ನಡಿ ಅಂದೆ.

ವಿಚಾರಣೆಗೆ ಬಂದವರ ಮುಂದೆಯೂ ಫೋನು ಬರಲಿಲ್ಲ ಅಂದೆ. ಯಾರೂ ನನ್ನ ಫೋನಾಗಲಿ ಶಿವರಾಜುವಿನ ಫೋನಾಗಲಿ ತೆಗೆದು ನೋಡಲಿಲ್ಲ. ಮೊದಲೇ ಎಚ್ಚರಿಸಲಿಲ್ಲ ಅಂತ ಶಿವರಾಜುವನ್ನು ಕೆಲಸದಿಂದ ತೆಗೆದರು. ತಾನು ಹೇಳಿದ್ದೆ ಅಂತ ಅವನು ಊರೆಲ್ಲ ಹೇಳಿಕೊಂಡು ತಿರುಗಿದ. ನಂಬಿದವರಿಲ್ಲ. ರಾಮಮ್ಮ ಅವನ ಮನೆ ಬಾಗಿಲಿಗೆ ಹೋಗಿ ಮಣ್ಣು ತೂರಿ ಬಂದಳು.

ಎಲ್ಲ ಹೇಳಿಬಿಡಬೇಕು ಅಂತ ನಿನ್ನೆ ಲೊಕ್ಕನಹಳ್ಳಿಗೆ ಹೋಗಿದ್ದೆ. ರಾಮಮ್ಮ ಚಾಪೆ ಹಾಸಿದಳು. "ಈಗ ನೀವೊಬ್ರೇ ಅಣ್ಣ ನಮ್ಮನ್ನ ಬಂದು ಕೇಳೋರು" ಅಂದು ಮಜ್ಜಿಗೆ ಕೊಟ್ಟಳು. ಕುಡಿದು ಎದ್ದು ಬಂದೆ.