ಹೆಸರಿಗಾಗಿ ಬಿಟ್ಟ ಜಾಗ

ಇನ್ವರ್‌ಕೆಲ್ಲಿ, ಫೈಫ್, ಸ್ಕಾಟ್ಲೆಂಡ್
9 ನವೆಂಬರ್ 1869

ಪ್ರೀತಿಯ ಗ್ಯಾವಿನಣ್ಣ,

ಕಳೆದ ಚಳಿಗಾಲ ನೀನು ಹಡಗು ಹತ್ತಿದ ಮೇಲೆ ನ್ಯೂಜಿಲೆಂಡಿನಿಂದ ಬಂದ ನಿನ್ನ ಎರಡು ಕಾಗದಕ್ಕೂ ಉತ್ತರಿಸಲಿಲ್ಲ ಎಂದು ಕೋಪಿಸಿಕೊಳ್ಳಬೇಡ. ಅಪ್ಪನ ಕಣ್ಣು ಪೂರಾ ಮಂಜಾಗಿದೆ. ನಮ್ಮ ಚರ್ಚಿನ ಸಭೆಯ ಇನ್ನೂರು ವರ್ಷದ ಚರಿತ್ರೆಯನ್ನು ಈಗ ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಕೊನೆಯ ಅಧ್ಯಾಯಕ್ಕೆ ಬಂದಿದ್ದೇವೆ.

ನಮ್ಮ ಮನೆಗೆಲಸದ ಟಿಬ್ಬಿ ಬೇಸಿಗೆಯಲ್ಲಿ ಗಂಡುಮಗು ಹೆತ್ತಳು. ಮದುವೆಯಾಗಿಲ್ಲ. ತಂದೆ ಯಾರೆಂದು ಸಭೆಯ ಹಿರಿಯರು ಮೂರು ಸಲ ಕರೆಸಿ ಕೇಳಿದರೂ ಬಾಯಿ ಬಿಡಲಿಲ್ಲ. ಪ್ರಭುಭೋಜನದ ಮುನ್ನಾದಿನ ಹಂಚುವ ಸೀಸದ ಬಿಲ್ಲೆಯನ್ನು ಅವಳಿಗೆ ಕೊಡಲಿಲ್ಲ. ಬಿಲ್ಲೆಯಿಲ್ಲದೆ ರೊಟ್ಟಿ, ದ್ರಾಕ್ಷಾರಸದ ಮೇಜಿನ ಹತ್ತಿರ ಹೋಗುವಂತಿಲ್ಲವಲ್ಲ. ಹಾಗಾದರೆ ನನಗೂ ಬೇಡವೆಂದು ನನ್ನ ಬಿಲ್ಲೆಯನ್ನೂ ಹಿರಿಯರ ಮುಂದಿಟ್ಟು ಬಂದೆ. ಭಾನುವಾರ ಊರೆಲ್ಲ ಎದ್ದು ಮೇಜಿಗೆ ಹೋಯಿತು. ಹಿಂದಿನ ಬೆಂಚಿನಲ್ಲಿ ನಾನೊಬ್ಬಳೇ. ಟಿಬ್ಬಿಯೂ ಬಂದಿರಲಿಲ್ಲ.

ಹೊರಗೆ ಮೀನು ಮಾರುವ ಪಿರೀ ಅಮ್ಮ ಕಾದಿದ್ದಳು. "ಏನವ್ವಾ, ಪಾದ್ರಿ ಮಗಳಿಗೂ ಬಿಲ್ಲೆ ಇಲ್ವಾ? ನಿನ್ ಕರಪತ್ರ ತೋರಿಸಿದ್ರೆ ಸ್ವರ್ಗದ ಬಾಗ್ಲು ತೆಗೀತಾರೇನು?"

ನೀನು ಬಿಟ್ಟುಹೋದ ಪೆಟ್ಟಿಗೆಯ ಕರಪತ್ರಗಳನ್ನು ಹರಿದುಹೋಗುವಷ್ಟು ಓದಿದ್ದೇನೆ. ಗಂಡಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ ಇರುವ ಸಭೆ ದೇವರದ್ದಲ್ಲ ಎಂಬ ಸಾಲಿಗೆ ನೀನೇ ಗೆರೆ ಎಳೆದಿದ್ದೆ. ಅದನ್ನೇ ಅಪ್ಪನಿಗೆ ಓದಿ ಹೇಳಿದೆ. ಅವರು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, "ಬರಿಯಮ್ಮ" ಎಂದರು. "ಈ ವರ್ಷ ನಮ್ಮ ಸಭೆ ತಪ್ಪನ್ನೆಲ್ಲ ಒಬ್ಬ ಹೆಣ್ಣಿನ ಮೇಲೇ ಹೊರಿಸಿತು. ಆಕೆಯ ಜೊತೆಗಿದ್ದವನ ಹೆಸರು..." ಅಲ್ಲಿಗೇ ನಿಂತರು.

"ಯಾರಪ್ಪಾ?"

"ಜಾಗ ಬಿಡು."

"ಇನ್ನೂರು ವರ್ಷದ ಹಿಂದೆ ಹಿಟ್ಟು ಕದ್ದ ಮುದುಕಿ ಹೆಸರನ್ನೂ ಬಿಡಲಿಲ್ವಲ್ಲ ನೀವು!"

"ಆ ಮುದುಕಿ ನನ್ನ ಮನೇಲಿ ಬೆಳೆದಿರಲಿಲ್ಲ, ಮಗಳೇ."

ಅಂದಿನಿಂದ ಅವರು ಒಂದು ಸಾಲನ್ನೂ ಹೇಳಿಲ್ಲ. ಒಬ್ಬರೆದುರು ಒಬ್ಬರು ಕೂತು ಗಂಜಿ ಕುಡಿಯುತ್ತೇವೆ.

ದೇವರು ನಿನ್ನನ್ನೂ ನಿನ್ನ ಕುರಿಮಂದೆಯನ್ನೂ ಕಾಯಲಿ.

ನಿನ್ನ ತಂಗಿ,
ಎಲ್ಸ್‌ಪೆತ್

ಮರೆತ ಮಾತು: ನಿನ್ನೆ ಟಿಬ್ಬಿಯ ಮಗುವನ್ನು ಎತ್ತಿಕೊಂಡೆ. ಎಡಗಿವಿಯ ತುದಿ ನಿನ್ನ ಕಿವಿಯ ಹಾಗೆಯೇ ಮಡಚಿದೆ. ಟಿಬ್ಬಿಯ ಮುಖ ನೋಡಿದೆ, ಅವಳು ಇಲ್ಲವೆನ್ನಲಿಲ್ಲ. ಅಪ್ಪ ಖಾಲಿ ಬಿಡಿಸಿದ ಜಾಗದಲ್ಲಿ ನಿನ್ನ ಹೆಸರು ಹಿಡಿಸುತ್ತದೆ, ಅಳೆದು ನೋಡಿದ್ದೇನೆ. ಹಾಳೆಯನ್ನು ಅಚ್ಚಿಗೆ ಕೊಡದೆ ಇಟ್ಟುಕೊಂಡಿರುತ್ತೇನೆ. ಆ ಹೆಸರನ್ನು ನಿನ್ನ ಕೈಯಿಂದಲೇ ಬರೆದು ಕಳಿಸು. ಕಳಿಸದಿದ್ದರೆ ನಾನೇ ಬರೆಯುತ್ತೇನೆ. ನನಗೆ ಅಕ್ಷರ ತಿದ್ದಿಸಿದವನು ನೀನೇ.