ನೀನು ನಂಬಿದ ಹೊಟ್ಟೆನೋವು

ಅವ್ವಾ,

ನೀನು ಹೋಗಿ ಇಷ್ಟು ವರ್ಷವಾದರೂ ಇದನ್ನು ಮೊದಲು ನಿನಗೇ ಹೇಳಬೇಕೆನಿಸಿತು. ನನ್ನ ಹೊಟ್ಟೆಯ ಆಪರೇಷನ್ ಆಯಿತು. "ಹುಟ್ಟಿದಾಗಿಂದ್ಲೇ ಕರುಳು ಜಾಗ ತಪ್ಪಿ ಕೂತಿತ್ತು ಮೇಡಂ, ತುಂಬ ಅಪರೂಪ. ಆಗಾಗ ತಿರುಚ್ಕೊಂಡು ನೋವು ಬರ್ತಿತ್ತು," ಎಂದರು ವೈಟ್‌ಫೀಲ್ಡಿನ ಡಾಕ್ಟರು.

ಅಪ್ಪ ಪಕ್ಕದಲ್ಲೇ ನಿಂತಿದ್ದರು. ಚಿಕ್ಕಂದಿನಲ್ಲಿ ಅವರು, "ಸಾಲಿ ತಪ್ಪಸಾಕ ನಾಟಕ ಮಾಡತಾಳ," ಎಂದು ಬೈದಾಗಲೆಲ್ಲ ನೀನು, "ನನ್ನ ಮಗಳು ಸುಳ್ಳು ಹೇಳಂಗಿಲ್ರೀ," ಎನ್ನುತ್ತ ನನ್ನನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಳ್ಳುತ್ತಿದ್ದೆ. ನೋವು ಇಳಿಯದಿದ್ದರೂ ನೀನು ನಂಬಿದ್ದರಿಂದಲೇ ತಡೆದುಕೊಂಡೆ.

ಡಾಕ್ಟರು ಹೋದ ಮೇಲೆ ಅಪ್ಪ ನನ್ನ ಹೊದಿಕೆ ಸರಿಮಾಡುತ್ತ, ಮೊದಲ ಸಲ ಕೇಳಿದರು, "ಭಾಳ ನೋಯಾಕತ್ತೈತೇನವಾ?"

ಹೌದೆಂದೆ.

"ನಿಮ್ಮವ್ವ ಅವತ್ತ ಹೇಳಿದ್ಲು," ಎಂದು ಕಣ್ಣೊರೆಸಿಕೊಂಡರು.

ನಿನ್ನ
ಸುಮಂಗಲಾ